ಎ ಬ್ಲಾಕಿನ ನೀರು, ಬಿ ಬ್ಲಾಕಿನ ನೀರು

2020ರ ಮೇ 20, ಬುಧವಾರ. ಮಧ್ಯಾಹ್ನ ಒಂದೂಕಾಲು ದಾಟಿತ್ತು. ಲಾಕ್‌ಡೌನ್ ಕಾಲ, ಎಲ್ಲರೂ ಮನೆಯಲ್ಲೇ. ಕುಕ್ಕರಿನ ಮುಚ್ಚಳ ತೆಗೆಯಲು ಕೈ ಹಾಕಿದ್ದೆ, ಢಮ್ ಅಂತ ಸದ್ದಾಯಿತು. ಕಿಟಕಿ ಗಾಜುಗಳು ಗಲಗಲ ಅಂದವು, ಸಿಂಕಿನಲ್ಲಿ ನಿಂತಿದ್ದ ಸ್ಟೀಲ್ ಲೋಟ ಪಕ್ಕಕ್ಕೆ ಮಲಗಿತು. ನಾನು ಮೊದಲು ನೋಡಿದ್ದು ಕುಕ್ಕರನ್ನೇ. ಅದು ಪಾಪ ಸುಮ್ಮನೆ ಕೂತಿತ್ತು.

ಬಾಲ್ಕನಿಗೆ ಬಂದರೆ ಇಡೀ ಅಪಾರ್ಟ್‌ಮೆಂಟೇ ಬಾಲ್ಕನಿಯಲ್ಲಿತ್ತು. ಎದುರು ಮನೆಯವರು ಟ್ರಾನ್ಸ್‌ಫಾರ್ಮರ್ ಹೋಯ್ತು ಅಂದರು. ಕರೆಂಟ್ ಇತ್ತಲ್ಲ ಅಂದರೆ, ಪಕ್ಕದ ಲೈನಿನದಿರಬೇಕು ಅಂದರು. ಕೆಳಗಿನವರು ಭೂಕಂಪ ಅಂತ ಆಗಲೇ ಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು. ಅದೇ ದಿನ ಬಂಗಾಳದ ಕರಾವಳಿಗೆ ಆಂಫಾನ್ ಚಂಡಮಾರುತ ಅಪ್ಪಳಿಸುತ್ತಿತ್ತು. ಅದರ ಸದ್ದು ಇಲ್ಲಿವರೆಗೂ ಬಂದಿದೆ ಅಂತ ಒಬ್ಬರು ತೀರಾ ಗಂಭೀರವಾಗಿ ಹೇಳಿದರು. ಎರಡು ವಾರದ ಹಿಂದಷ್ಟೇ ವಿಶಾಖಪಟ್ಟಣದಲ್ಲಿ ಕಾರ್ಖಾನೆಯ ಅನಿಲ ಸೋರಿ ಜನ ಸತ್ತಿದ್ದರಿಂದ ‘ಯಾವುದೋ ಫ್ಯಾಕ್ಟರಿ ಸಿಡಿದಿದೆ’ ಅನ್ನುವವರ ಮಾತಿಗೂ ತೂಕ ಬಂತು. ನಮ್ಮ ಊಹೆಗಳೆಲ್ಲ ಆ ವಾರದ ಪೇಪರಿನಿಂದ ಎತ್ತಿಕೊಂಡವೇ ಆಗಿದ್ದವು ಅಂತ ಈಗ ಅನ್ನಿಸುತ್ತದೆ.

ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಭೂಕಂಪ ಮಾಪಕಗಳಲ್ಲಿ ಏನೂ ದಾಖಲಾಗಿಲ್ಲ ಅಂದರು. ಆಮೇಲೆ ರಕ್ಷಣಾ ಇಲಾಖೆಯ ಪ್ರಕಟಣೆ ಬಂತು. ವಾಯುಪಡೆಯ ಪರೀಕ್ಷಾ ವಿಮಾನ ಶಬ್ದಕ್ಕಿಂತ ವೇಗವಾಗಿ ಹಾರಿ, 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ತಗ್ಗಿಸುವಾಗ ಆದ ಸದ್ದಿರಬಹುದು, ವಿಮಾನ ಊರಿನಿಂದ ಬಹಳ ಹೊರಗಿತ್ತು, ಇಂಥ ಸದ್ದು 65ರಿಂದ 80 ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ ಅಂತ.

ಅಲ್ಲಿಗೆ ವಿಷಯ ಮುಗಿಯಿತು. ನನಗೆ ಮಾತ್ರ ಒಂದು ಸಂಗತಿ ಮನಸ್ಸಿನಿಂದ ಹೋಗಲಿಲ್ಲ. ವೈಟ್‌ಫೀಲ್ಡಿನ ನನ್ನ ತಂಗಿ ‘ನಮ್ಮ ಮನೆ ಹಿಂದೇನೇ ಕಣೇ’ ಅಂದಿದ್ದಳು. ಎಲೆಕ್ಟ್ರಾನಿಕ್ ಸಿಟಿಯ ಸಹೋದ್ಯೋಗಿ ‘ನಮ್ಮ ರಸ್ತೆ ತುದಿಯಲ್ಲೇ’ ಅಂದಿದ್ದರು. ಬಿಟಿಎಂ ಲೇಔಟಿನ ನಾವು ನಮ್ಮ ಪಕ್ಕದ ಟ್ರಾನ್ಸ್‌ಫಾರ್ಮರನ್ನು ಬೈದುಕೊಂಡಿದ್ದೆವು. ಮೂರು ಜನದಲ್ಲಿ ಇಬ್ಬರಾದರೂ ಸುಳ್ಳು ಹೇಳುತ್ತಿದ್ದಾರೆ ಅಂತ ಯಾರಿಗಾದರೂ ಅನ್ನಿಸಬೇಕು. ಆದರೆ ಈ ಸದ್ದು ಒಂದೇ ಜಾಗದಲ್ಲಿ ಸಿಡಿದ ಆಟಂಬಾಂಬಿನ ಥರದ್ದಲ್ಲ. ವಿಮಾನ ಶಬ್ದದ ವೇಗ ಮೀರಿ ಹಾರುವಷ್ಟು ಹೊತ್ತೂ ಅದು ಸೆರಗಿನ ಹಾಗೆ ನೆಲದ ಮೇಲೆ ಎಳೆದುಕೊಂಡು ಹೋಗುತ್ತದೆ. ಸೆರಗು ತಾಗಿದಲ್ಲೆಲ್ಲ ಅಲ್ಲಲ್ಲೇ ಸಿಡಿದ ಹಾಗೆ ಕೇಳಿಸುತ್ತದೆ. ಮೂವರು ಹೇಳಿದ್ದೂ ಅವರವರ ಮಟ್ಟಿಗೆ ಸರಿಯಾಗಿಯೇ ಇತ್ತು.

ಇದನ್ನು ನಾನು ನಾಲ್ಕು ವರ್ಷ ಮರೆತೇಬಿಟ್ಟಿದ್ದೆ. ಮತ್ತೆ ನೆನಪಾಗುವಂತೆ ಮಾಡಿದ್ದು ನೀರು.

2024ರ ಬೇಸಿಗೆ ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ. ಊರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ಟ್ಯಾಂಕರ್ ದರಕ್ಕೆ ಮಾರ್ಚಿನಲ್ಲಿ ಜಿಲ್ಲಾಡಳಿತ ಮಿತಿ ಹಾಕಿತು, ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಆ ದರಕ್ಕೆ ನಮ್ಮ ರಸ್ತೆಗೆ ಯಾವ ಟ್ಯಾಂಕರೂ ತಿರುಗಲಿಲ್ಲ, ಅದು ಬೇರೆ ಕಥೆ. ನಮ್ಮದು ಇಪ್ಪತ್ತನಾಲ್ಕು ಮನೆಗಳ ಹಳೆಯ ಕಟ್ಟಡ. ಎ ಬ್ಲಾಕಿನಲ್ಲಿ ಹನ್ನೆರಡು, ಬಿ ಬ್ಲಾಕಿನಲ್ಲಿ ಹನ್ನೆರಡು. ಕಾವೇರಿ, ಬೋರು, ಟ್ಯಾಂಕರು ಎಲ್ಲ ನೆಲದಡಿಯ ಒಂದೇ ಸಂಪ್ ತೊಟ್ಟಿಗೆ ಬಿದ್ದು, ಅಲ್ಲಿಂದ ಎರಡು ಬ್ಲಾಕಿನ ಮೇಲಿನ ಟ್ಯಾಂಕ್‌ಗಳಿಗೆ ಏರುತ್ತದೆ. ಆ ವರ್ಷ ಅಸೋಸಿಯೇಷನ್ನಿನ ಕಾರ್ಯದರ್ಶಿ ನಾನು. ಯಾರೂ ಒಪ್ಪದಿದ್ದಾಗ ಮೀಟಿಂಗಿಗೆ ಹೋಗದವರ ತಲೆಗೆ ಕಟ್ಟುತ್ತಾರಲ್ಲ, ಹಾಗೆ.

ಏಪ್ರಿಲ್ ಮೊದಲ ವಾರ. ಪೇಪರಿನಲ್ಲಿ ಕಾಲರಾ ಸುದ್ದಿ ಬರತೊಡಗಿತ್ತು, ಹಾಸ್ಟೆಲೊಂದರ ವಿದ್ಯಾರ್ಥಿನಿಯರು ಸಾಲುಸಾಲಾಗಿ ಆಸ್ಪತ್ರೆ ಸೇರಿದ್ದರು. ಸೋಮವಾರ ಬೆಳಿಗ್ಗೆ ನಮ್ಮ ಗ್ರೂಪಿನಲ್ಲಿ ಎ-301ರವರು ಬರೆದರು: ಇಬ್ಬರು ಮಕ್ಕಳಿಗೂ ರಾತ್ರಿಯಿಂದ ವಾಂತಿ ಭೇದಿ, ಇನ್ಯಾರಿಗಾದರೂ ಆಗಿದೆಯಾ? ಅರ್ಧ ಗಂಟೆಯಲ್ಲಿ ಐದು ಮನೆಯವರು ‘ನಮಗೂ’ ಅಂದರು.

ನಾನು ಮಾಡಿದ ಮೊದಲ ಕೆಲಸ ಇಲ್ಲಿ ಹೇಳಿಬಿಡಬೇಕು. ಕಾವೇರಿ ಪೈಪಿಗೆ ಚರಂಡಿ ನೀರು ಸೇರಿದೆ, ಬಿಟಿಎಂ ಕಡೆಯವರು ಎಚ್ಚರ ಅಂತ ಯಾರೋ ಕಳಿಸಿದ್ದ ಧ್ವನಿ ಸಂದೇಶವನ್ನು ಹಾಗೇ ದಾಟಿಸಿಬಿಟ್ಟೆ. ಯಾರ ಧ್ವನಿ, ಯಾವ ದಿನದ್ದು, ಒಂದೂ ನೋಡಲಿಲ್ಲ. ಆ ಹೊತ್ತಿಗೆ ಅದು ಎಷ್ಟು ಸಮಂಜಸವಾಗಿ ಕೇಳಿಸಿತೆಂದರೆ, ನಮ್ಮದೇ ಸಂಶಯವನ್ನು ಬೇರೆಯವರು ಜೋರಾಗಿ ಹೇಳಿದ ಹಾಗಿತ್ತು.

ಬುಧವಾರದ ಹೊತ್ತಿಗೆ ಮೂರು ಪಂಗಡಗಳಾದವು.

ಮೊದಲನೆಯದು ಬಿ-304ರ ಸಾಫ್ಟ್‌ವೇರ್ ಹುಡುಗನದು. ಅವನ ಹತ್ತಿರ ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಇದೆ. ನಲ್ಲಿ ನೀರಿಗೆ ಅದ್ದಿ ಫೋಟೋ ಹಾಕಿದ, 180. ‘ಐನೂರರ ತನಕ ಕುಡಿಯಬಹುದು, ನಮ್ಮ ನೀರು ಸೂಪರ್.’ ಐನೂರು ಅನ್ನುವ ಲೆಕ್ಕ ಸರಿ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಲ್ಲಿ ಇರುವುದೂ ಅಷ್ಟೇ. ಆದರೆ ಟಿಡಿಎಸ್ ಹೇಳುವುದು ನೀರಿನಲ್ಲಿ ಕರಗಿದ ಲವಣಗಳ ಕಥೆ. ರೋಗಾಣು ಕೋಟಿ ಇದ್ದರೂ ಆ ಮುಳ್ಳು ಅಲ್ಲಾಡುವುದಿಲ್ಲ. ಇದನ್ನು ಹೇಳಿದವರ ಮಾತು ಮುಳುಗಿಹೋಯಿತು, ಯಾಕೆಂದರೆ ಅವರ ಹತ್ತಿರ ಫೋಟೋ ಇರಲಿಲ್ಲ, ಅಂಕಿ ಇರಲಿಲ್ಲ. 180 ಅಂತ ಪರದೆಯ ಮೇಲೆ ಹೊಳೆಯುತ್ತಿರುವಾಗ ಬಾಯಿಮಾತನ್ನು ಯಾರು ಕೇಳುತ್ತಾರೆ.

ಎರಡನೆಯದು ಎ-101ರ ನಿವೃತ್ತ ಮೇಷ್ಟ್ರದು. ಶನಿವಾರ ಎ-301ರಲ್ಲಿ ಹುಟ್ಟುಹಬ್ಬ, ಹೊರಗಿನಿಂದ ತರಿಸಿದ ಗೋಬಿ ಮಂಚೂರಿ. ಕಾಯಿಲೆ ಬಿದ್ದ ಮನೆಗಳ ಪಟ್ಟಿ ಮಾಡಿ ಅವರು ತೋರಿಸಿದರು, ಬಹುಪಾಲು ಮಕ್ಕಳು ಆ ಪಾರ್ಟಿಗೆ ಹೋದವರೇ. ‘ನೀರು ನೀರು ಅಂತ ಕೂಗಬೇಡಿ, ಹೊಟ್ಟೆಗೆ ಹಾಕಿದ್ದೇನು ಅಂತ ನೋಡಿ.’ ಮೇಷ್ಟ್ರ ವಾದ ತಳ್ಳಿಹಾಕುವಂಥದ್ದಾಗಿರಲಿಲ್ಲ.

ಮೂರನೆಯದು ನನ್ನದೇ, ಕಾವೇರಿ ಪಂಗಡ. ಬಿ ಬ್ಲಾಕಿನವರಿಗೂ ಅದೇ ಕಾವೇರಿ, ಅವರಿಗ್ಯಾಕೆ ಏನೂ ಆಗಿಲ್ಲ ಅನ್ನುವ ಪ್ರಶ್ನೆ ಬಂದಾಗಲೆಲ್ಲ ನಾನು ಮಾತು ಹೊರಳಿಸುತ್ತಿದ್ದೆ.

ಇದರ ನಡುವೆ ವಿಚಿತ್ರವೊಂದು ನಡೆಯುತ್ತಿತ್ತು. ಮಲಗಿದವರ ಮನೆಗಳಿಂದ ಹೆಚ್ಚು ಮಾತಿರಲಿಲ್ಲ, ಅವರಿಗೆ ಓಆರ್‌ಎಸ್ ಕಲಸುವುದೇ ಆಗಿತ್ತು. ಹೆದರಿಸುವ ಸುದ್ದಿಗಳನ್ನು ಹೆಕ್ಕಿ ಹೆಕ್ಕಿ ತಂದು ಸುರಿಯುತ್ತಿದ್ದದ್ದು ಬಿ ಬ್ಲಾಕಿನ ಆರೋಗ್ಯವಂತರು. ‘ಇಡೀ ಏರಿಯಾ ಸೀಲ್ ಮಾಡ್ತಾರಂತೆ.’ ‘ಸೋಮವಾರದಿಂದ ಹದಿನೈದು ದಿನ ಕಾವೇರಿ ನೀರೇ ಬಿಡಲ್ಲವಂತೆ.’ ಇದು ಹೊಸದೇನಲ್ಲ ಅಂತ ಆಮೇಲೆ ಓದಿ ತಿಳಿಯಿತು. 1934ರ ಜನವರಿ 15ರಂದು ಬಿಹಾರದಲ್ಲಿ ಭಾರೀ ಭೂಕಂಪವಾದಾಗ ಪಟ್ನಾದ ಮನಶ್ಶಾಸ್ತ್ರಜ್ಞ ಜಮುನಾ ಪ್ರಸಾದ್ ಅಲ್ಲಿ ಹಬ್ಬಿದ ವದಂತಿಗಳನ್ನು ಕೂಡಿಹಾಕಿದರು. ನೆಲ ನಡುಗಿದ್ದು ಗೊತ್ತಾಗಿಯೂ ಮನೆ ಮಠ ಉಳಿದಿದ್ದ ಊರುಗಳ ಜನ ಹೇಳಿಕೊಳ್ಳುತ್ತಿದ್ದ ಮಾತುಗಳವು. ಚಂದ್ರಗ್ರಹಣದ ದಿನ ಇನ್ನೊಂದು ದೊಡ್ಡ ಭೂಕಂಪವಾಗುತ್ತದೆ, ಗಂಗೆಯ ನೀರು ಮಾಯವಾಗಿ ಸ್ನಾನಕ್ಕಿಳಿದವರು ಮರಳಲ್ಲಿ ಹೂತುಹೋದರು, ಹೀಗೆ. ಎಲ್ಲ ಉಳಿಸಿಕೊಂಡವರು ಸಮಾಧಾನದ ಸುದ್ದಿ ಹೇಳಿಕೊಳ್ಳುವುದು ಬಿಟ್ಟು ಇನ್ನಷ್ಟು ಭಯದ್ದನ್ನು ಯಾಕೆ ಹೇಳಿಕೊಂಡರು? ಇಪ್ಪತ್ತು ವರ್ಷದ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯೋನ್ ಫೆಸ್ಟಿಂಗರ್‌ಗೆ ಈ ಪ್ರಶ್ನೆ ಗಂಟುಬಿತ್ತು. ಅವರು ಕಂಡುಕೊಂಡ ಉತ್ತರ ಇದು: ಆ ಜನರಿಗೆ ಭಯವಾಗಿಬಿಟ್ಟಿದೆ, ಆದರೆ ಕಣ್ಣೆದುರು ಭಯಪಡುವಂಥದ್ದೇನೂ ಕಾಣುತ್ತಿಲ್ಲ. ಇರುವ ಭಯಕ್ಕೆ ಒಂದು ಕಾರಣ ಬೇಕು, ಅದನ್ನು ಕಟ್ಟಿಕೊಂಡರು. ನಮ್ಮ ಬಿ ಬ್ಲಾಕಿನವರನ್ನು ಆಮೇಲೆ ನಾನು ಅಷ್ಟಾಗಿ ಬೈಯಲಿಲ್ಲ.

ಬೆಂಗಳೂರು ಇದರ ದೊಡ್ಡ ರೂಪ ನೋಡಿದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಲ್ಲಿ ತುಂಬಿ, ಗುವಾಹಟಿಯ ರೈಲು ಹಿಡಿದು ಊರು ಬಿಟ್ಟರು. ನಮ್ಮವರ ಮೇಲೆ ದಾಳಿಯಾಗುತ್ತದಂತೆ ಅನ್ನುವ ಎಸ್‌ಎಂಎಸ್‌ಗಳು ಹರಿದಾಡಿದ್ದವು. ಕೇಂದ್ರ ಸರ್ಕಾರ ಹದಿನೈದು ದಿನ ದೇಶದಲ್ಲೆಲ್ಲ ಒಮ್ಮೆಗೆ ಐದು ಜನಕ್ಕಿಂತ ಹೆಚ್ಚು ಮಂದಿಗೆ ಎಸ್‌ಎಂಎಸ್ ಕಳಿಸದಂತೆ ತಡೆ ಹಾಕಿತು. ಹೊರಟವರನ್ನು ಕಂಡು ‘ಇಷ್ಟು ಬೇಗ ನಂಬಿಬಿಡೋದಾ’ ಅಂತ ಮಾತಾಡಿಕೊಂಡವರಲ್ಲಿ ನಾನೂ ಒಬ್ಬಳು. ಆದರೆ ಪಿಜಿಯ ರೂಮಿನಲ್ಲಿ ಪಕ್ಕದ ಮಂಚದವಳು ಬ್ಯಾಗ್ ಜೋಡಿಸುತ್ತಿದ್ದರೆ ಸಂದೇಶ ನಿಜವೋ ಸುಳ್ಳೋ ಅನ್ನುವುದು ಹಿಂದೆ ಸರಿಯುತ್ತದೆ. ಅವಳು ಹೊರಟಿದ್ದೇ ದೊಡ್ಡ ಸುದ್ದಿ. ಜನ ಹೆಚ್ಚಾದರೆಂದು ರೈಲ್ವೆಯವರು ವಿಶೇಷ ರೈಲು ಬಿಟ್ಟರು, ಅದು ಸಹಾಯವೇ. ಆದರೆ ವಿಶೇಷ ರೈಲೇ ಬಿಟ್ಟಿದ್ದಾರೆಂದರೆ ಒಳಗೊಳಗೆ ಏನೋ ಇದೆ ಅಂತ ಎಷ್ಟು ಜನಕ್ಕೆ ಅನ್ನಿಸಿರಬೇಕು.

ನಮ್ಮ ಕಥೆಗೆ ಬರುತ್ತೇನೆ. ಗುರುವಾರ ಎರಡು ಲ್ಯಾಬ್ ವರದಿ ಬಂದವು. ಅಸೋಸಿಯೇಷನ್ ಮಾಡಿಸಿದ್ದರಲ್ಲಿ ಕೋಲಿಫಾರ್ಮ್ (ನೀರು ಮಲಿನವಾಗಿದೆ ಅಂತ ಸೂಚಿಸುವ ಬ್ಯಾಕ್ಟೀರಿಯಾ) ಇಲ್ಲ, ಕುಡಿಯಲು ಯೋಗ್ಯ. ಎ-204ರವರು ಸ್ವಂತ ದುಡ್ಡಿನಲ್ಲಿ ಮಾಡಿಸಿದ್ದರಲ್ಲಿ ಕೋಲಿಫಾರ್ಮ್ ಇದೆ, ಯೋಗ್ಯವಲ್ಲ. ಆಮೇಲಿನ ಎರಡು ದಿನದ ಜಗಳ ನೆನೆಸಿಕೊಂಡರೆ ಈಗ ನಗು ಬರುತ್ತದೆ. ಆ ಲ್ಯಾಬಿನವರು ದುಡ್ಡು ಕೊಟ್ಟರೆ ಏನು ಬೇಕಾದರೂ ಬರೆದುಕೊಡ್ತಾರೆ ಅಂತ ಒಬ್ಬರು. ಅಸೋಸಿಯೇಷನ್‌ನವರು ಮುಚ್ಚಿಹಾಕ್ತಿದ್ದಾರೆ ಅಂತ ಇನ್ನೊಬ್ಬರು. ಯಾವ ಲ್ಯಾಬ್ ದೊಡ್ಡದು, ಯಾರದ್ದು ಸರ್ಕಾರಿ ಮಾನ್ಯತೆ ಪಡೆದದ್ದು, ಯಾರ ಸೀಲು ದುಂಡಗಿದೆ ಅನ್ನುವ ತನಕ ಹೋಯಿತು. ಇಪ್ಪತ್ತನಾಲ್ಕು ಮನೆ, ಮೂವರು ಇಂಜಿನಿಯರು, ಒಬ್ಬ ಫಾರ್ಮಸಿಸ್ಟ್. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಚೀಟಿ ಚೀಟಿ ತಾಳೆ ನೋಡಿದವಳು.

ಭಾನುವಾರ ಹತ್ತೂವರೆಗೆ ಪಾರ್ಕಿಂಗಿನಲ್ಲಿ ಮೀಟಿಂಗ್. ಕುರ್ಚಿ ಹಾಕಿಸುವ ಮುಂಚೆ ಎರಡೂ ವರದಿಗಳನ್ನು ಪ್ಲಾಸ್ಟಿಕ್ ಟೇಬಲ್ಲಿನ ಮೇಲೆ ಅಕ್ಕಪಕ್ಕ ಇಟ್ಟು, ಗಾಳಿಗೆ ಹಾರದಿರಲಿ ಅಂತ ಒಂದರ ಮೇಲೆ ಕನ್ನಡಕದ ಡಬ್ಬಿ, ಇನ್ನೊಂದರ ಮೇಲೆ ಮೊಬೈಲ್ ಇಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರೆ, ಮೇಲಿನಿಂದ ನಾಲ್ಕನೇ ಸಾಲು, ಮಾದರಿ ತೆಗೆದ ಜಾಗ. ನಮ್ಮದರಲ್ಲಿ ‘ಸಂಪ್’. ಅವರದರಲ್ಲಿ ‘ಅಡುಗೆಮನೆ ನಲ್ಲಿ, ಎ-204’.

ಅಷ್ಟೇ. ಎರಡೂ ಲ್ಯಾಬಿನವರು ಇದ್ದದ್ದನ್ನೇ ಬರೆದಿದ್ದರು. ಕೆಳಗೆ ನೀರು ಚೆನ್ನಾಗಿದೆ, ಎ ಬ್ಲಾಕಿನ ನಲ್ಲಿಗೆ ಬರುವಷ್ಟರಲ್ಲಿ ಕೆಟ್ಟಿದೆ. ಎರಡು ದಿನ ಕಚ್ಚಾಡಿದ ಎರಡು ಕಾಗದಗಳು ಒಟ್ಟಿಗಿಟ್ಟರೆ ಬೆರಳು ಮಾಡಿ ತೋರಿಸುತ್ತಿದ್ದವು. ವರದಿ ನೋಡಿದವರೆಲ್ಲ ಕೊನೆಯ ಸಾಲನ್ನಷ್ಟೇ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದರು, ನಾನೂ ಸೇರಿದಂತೆ.

ವಾಚ್‌ಮನ್ ಕುರ್ಚಿ ಹೊತ್ತು ತರುತ್ತಿದ್ದ. ಬಾದಾಮಿ ಕಡೆಯವನು. ‘ಮೇಲಿನ ಟ್ಯಾಂಕ್ ಯಾವಾಗ ತೊಳೆಸಿದ್ದು?’ ಅಂತ ಕೇಳಿದೆ.

‘ತೊಳಿಯೂದು ಇರ್‍ಲಿ ಅಕ್ಕಾರ, ಎ ಬ್ಲಾಕಿನ ಟ್ಯಾಂಕಿನ ಮುಚ್ಚಳಾ ಒಡದು ತಿಂಗಳಾತ್ರಿ. ಹಳೇ ಬ್ಯಾನರ್ ಕಟ್ಟೀನಿ, ಗಾಳಿಗೆ ಹಾರಿ ಹೋಕ್ಕೈತ್ರಿ. ಪಾರಿವಾಳ ಬಂದು ಕುಂದರ್ತಾವು.’

‘ಯಾರಿಗೂ ಹೇಳಲಿಲ್ಲವಾ?’

‘ಹೇಳೀನಲ್ರಿ. ನೋಡೋಣ ಅಂದ್ರು.’

ನೋಡೋಣ ಅಂದವರು ಖಜಾಂಚಿ. ಅವರು ಕೆಟ್ಟವರಲ್ಲ. ಮಾರ್ಚ್ ಕೊನೆ, ಲೆಕ್ಕ ಮುಗಿಸುವ ಗಡಿಬಿಡಿ, ಮರೆತರು. ನನ್ನನ್ನು ಕುಟುಕಿದ್ದು ಬೇರೆ. ಒಂದು ವಾರ ನೂರಾರು ಸಂದೇಶ ಓಡಾಡಿದ ಆ ಗ್ರೂಪಿನಲ್ಲಿ, ದಿನಾ ಟ್ಯಾಂಕಿನ ಹತ್ತಿರ ಹೋಗುವ ಒಬ್ಬನೇ ಒಬ್ಬ ಮನುಷ್ಯ ಇರಲಿಲ್ಲ. ಗ್ರೂಪ್ ಓನರ್‌ಗಳಿಗೆ ಮಾತ್ರ ಅಂತ ನಿಯಮ ಮಾಡಿದ್ದೆವು.

ಅಷ್ಟರಲ್ಲಿ ಐದಾರು ಮನೆಗೆ ಕೆಲಸಕ್ಕೆ ಬರುವ ಹೆಂಗಸು ಮೆಟ್ಟಿಲಿಳಿದು ಬಂದಳು. ಮೇಷ್ಟ್ರು ಮಂಚೂರಿ ವಾದ ಮಂಡಿಸುತ್ತಿದ್ದರು, ಎಲ್ಲ ಶುರುವಾಗಿದ್ದೇ ಶನಿವಾರದ ಪಾರ್ಟಿಯಾದ ಮೇಲೆ ಅಂತ. ಅವಳು ನಿಂತು ಕೇಳಿಸಿಕೊಂಡು ನನ್ನ ಕಿವಿಯ ಹತ್ತಿರ, ‘ಅಕ್ಕಾ, 303ರ ಪಾಪು ಶುಕ್ರವಾರನೇ ವಾಂತಿ ಮಾಡ್ಕೊಂಡಿತ್ತಲ್ಲ. ಬೆಡ್‌ಶೀಟ್ ನಾನೇ ನೆನೆಹಾಕಿದ್ದು’ ಅಂದಳು. 303ರಾಕೆ ಅಲ್ಲೇ ಕೂತಿದ್ದರು. ಹೌದು, ಹಲ್ಲು ಬರುತ್ತಿದೆಯಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ, ಗ್ರೂಪಲ್ಲಿ ಹಾಕುವಂಥದ್ದೇನು ಅಂತ ಬಿಟ್ಟೆ ಅಂದರು.

ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಬರೆಯುತ್ತಾ ಹೋದೆವು. ಯಾವ ಮನೆ, ಯಾರಿಗೆ, ಯಾವ ದಿನ. ಎ ಬ್ಲಾಕಿನಲ್ಲಿ ಏಳು ಮನೆ, ಬಿ ಬ್ಲಾಕಿನಲ್ಲಿ ಒಂದು. ಆ ಒಂದು ಬಿ-102ರ ಅಜ್ಜಿ. ‘ನೋಡಿ, ಅಜ್ಜಿ ಬಿ ಬ್ಲಾಕು, ನಿಮ್ಮ ಟ್ಯಾಂಕ್ ಕಥೆ ನಿಲ್ಲಲ್ಲ’ ಅಂದರು ಮೇಷ್ಟ್ರು. ಅಜ್ಜಿಯ ಮಗಳು ಇರುವುದು ಎ-203ರಲ್ಲಿ, ಅಜ್ಜಿ ಮಧ್ಯಾಹ್ನ ಊಟ ಮಾಡಿ ಮಲಗಿ ಎದ್ದು ಕಾಫಿ ಕುಡಿದು ಬರುವುದು ಅಲ್ಲೇ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದದ್ದೇ. ಎಲ್ಲರಿಗೂ ಗೊತ್ತಿದ್ದದ್ದಕ್ಕೇ ಯಾರೂ ಹೇಳಿರಲಿಲ್ಲ. ಫಿಲ್ಟರ್ ಇಲ್ಲದ ಎ-402ರವರು ಗಟ್ಟಿಮುಟ್ಟಾಗಿದ್ದದ್ದೂ ಒಂದು ಒಗಟಾಗಿತ್ತು. ಅವರು ಮೊದಲಿನಿಂದಲೂ ನೀರು ಕುದಿಸಿ ಆರಿಸಿ ಕುಡಿಯುವವರು. ಫಿಲ್ಟರ್ ಇದ್ದ ಮನೆಗಳಲ್ಲಿ ಕುಡಿಯುವುದು ಫಿಲ್ಟರ್ ನೀರೇ, ಆದರೆ ಮಕ್ಕಳು ಬಾಯಿ ಮುಕ್ಕಳಿಸುವುದು, ಚಟ್ನಿಯ ಕೊತ್ತಂಬರಿ ತೊಳೆಯುವುದು ನಲ್ಲಿಯಲ್ಲಿ.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಕಾಲರಾಕ್ಕೆ ಅಲ್ಲಿನ ಪಂಪಿನ ನೀರು ಕಾರಣ ಅಂತ ಜಾನ್ ಸ್ನೋ ಎಂಬ ವೈದ್ಯರು ತೋರಿಸಿದ ಕಥೆ ಅನೇಕರಿಗೆ ಗೊತ್ತಿರುತ್ತದೆ. ಅವರ ವಾದಕ್ಕೆ ಬಲ ಕೊಟ್ಟದ್ದು ಹೊಂದದೇ ಇದ್ದ ಮನೆಗಳು. ದೂರದ ಹ್ಯಾಂಪ್‌ಸ್ಟೆಡ್ಡಿನಲ್ಲಿ ಸತ್ತ ವಿಧವೆಯೊಬ್ಬರು ರುಚಿ ಹಿಡಿಸಿ ಅದೇ ಪಂಪಿನ ನೀರನ್ನು ತರಿಸಿಕೊಳ್ಳುತ್ತಿದ್ದರು. ಪಂಪಿನ ಪಕ್ಕದ ಬಿಯರ್ ಕಾರ್ಖಾನೆಯ ಆಳುಗಳು ಬದುಕಿಕೊಂಡರು, ಅವರು ಕುಡಿಯುತ್ತಿದ್ದದ್ದು ಬಿಯರು. ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ ಸ್ನೋ ಹೇಳಿದ್ದು ತಪ್ಪೆಂದು ತೋರಿಸಲು ಮನೆ ಮನೆ ಸುತ್ತಿದರು. ಆ ಬೀದಿಯ ಜನರ ಗುರುತಿದ್ದದ್ದು ಅವರಿಗೇ. ಕೊನೆಗೆ ಮೊದಲು ಕಾಯಿಲೆ ಬಿದ್ದ ಹಸುಗೂಸಿನ ಮನೆಯನ್ನು ಕಂಡುಹಿಡಿದು ಸ್ನೋ ಪರವಾದರು. ನಮ್ಮ ಮೇಷ್ಟ್ರು ನನಗೆ ಒಂಚೂರು ವೈಟ್‌ಹೆಡ್ ಥರ ಕಾಣುತ್ತಾರೆ. ಪರವಾಗಲಿಲ್ಲ, ಅಷ್ಟೇ ವ್ಯತ್ಯಾಸ.

ಒಬ್ಬೊಬ್ಬರಲ್ಲಿ ಒಂದೊಂದು ಚೂರು ಇರುವಾಗ ಗುಂಪು ಅದನ್ನು ಯಾಕೆ ಕೂಡಿಸುವುದಿಲ್ಲ? ಗ್ಯಾರಲ್ಡ್ ಸ್ಟ್ಯಾಸರ್, ವಿಲಿಯಂ ಟೈಟಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1985ರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ಮೂವರು ಅಭ್ಯರ್ಥಿಗಳು, ಆರಿಸಲು ನಾಲ್ಕು ನಾಲ್ಕು ಜನರ ಗುಂಪು. ನಿಜಕ್ಕೂ ಒಳ್ಳೆಯ ಅಭ್ಯರ್ಥಿಯ ಗುಣಗಳನ್ನು ನಾಲ್ವರಿಗೂ ಚೂರು ಚೂರಾಗಿ ಹಂಚಿದ್ದರು, ಸೇರಿಸಿದರೆ ಮಾತ್ರ ಪೂರ್ತಿ ಚಿತ್ರ. ಗುಂಪುಗಳು ಕೂತು ಚರ್ಚಿಸಿದವು, ಚರ್ಚಿಸಿದ್ದು ಮಾತ್ರ ಹೆಚ್ಚಾಗಿ ಎಲ್ಲರಿಗೂ ಮೊದಲೇ ಗೊತ್ತಿದ್ದದ್ದನ್ನೇ. ತನಗೊಬ್ಬನಿಗೇ ಗೊತ್ತಿದ್ದದ್ದು ಮಾತಿಗೆ ಬಂದದ್ದು ಕಡಿಮೆ, ಹೆಚ್ಚಿನವರು ತಪ್ಪು ಅಭ್ಯರ್ಥಿಯನ್ನೇ ಆರಿಸಿದರು. ಅವರಾದರೂ ಒಂದೇ ಮೇಜಿನ ಸುತ್ತ ಕೂತಿದ್ದರು. ನಮ್ಮಲ್ಲಿ ಚೂರು ಇಟ್ಟುಕೊಂಡವರು ಕುರ್ಚಿ ಹೊರುತ್ತಿದ್ದರು, ಬೆಡ್‌ಶೀಟ್ ಒಗೆಯುತ್ತಿದ್ದರು.

ಇನ್ನು ಎಡವಟ್ಟಿನ ಭಾಗ. ಮುಚ್ಚಳದ ವಿಷಯ ತಿಳಿದದ್ದೇ ತಡ, ಉತ್ಸಾಹಿಗಳು ನಾಲ್ಕು ಜನ ಆಗಲೇ ಮೇಲೆ ಹತ್ತಿದರು. ಟ್ಯಾಂಕ್ ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ, ತಿಕ್ಕಿ ತೊಳೆದು ಮಧ್ಯಾಹ್ನ ಎರಡಕ್ಕೆ ಇಳಿದು ಬಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಸಂಜೆ ಕಾಫಿ ಕುಡಿಯುವಾಗ ಹೊಳೆಯಿತು, ತೊಳೆಯುವ ಮುಂಚೆ ಆ ಟ್ಯಾಂಕಿನ ನೀರು ಒಂದು ಬಾಟಲಿ ಹಿಡಿದಿಡಬೇಕಿತ್ತು. ಯಾರೂ ಹಿಡಿದಿರಲಿಲ್ಲ. ಹಾಗಾಗಿ ಟ್ಯಾಂಕೇ ಕಾರಣ ಅನ್ನಲು ನಮ್ಮ ಹತ್ತಿರ ಇರುವುದು ಒಂದು ಕ್ಯಾಲೆಂಡರ್ ಹಾಳೆ ಮಾತ್ರ. ಮಂಗಳವಾರ ಎ ಬ್ಲಾಕಿನಲ್ಲೇ ಇನ್ನಿಬ್ಬರು ಮಲಗಿದರು. ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡಿರಬಹುದು ಅಂದೆ ನಾನು. ಮೇಷ್ಟ್ರು ಏನೂ ಅನ್ನಲಿಲ್ಲ, ನಕ್ಕರು. ಈಗಲೂ ಯಾರ ಮನೆಯಲ್ಲಾದರೂ ಪಾರ್ಟಿ ಅಂದರೆ ‘ಮಂಚೂರಿ ಮಾತ್ರ ಬೇಡಪ್ಪ’ ಅಂತ ನನ್ನನ್ನು ನೋಡಿಯೇ ಹೇಳುತ್ತಾರೆ.

ಹೊಸ ಮುಚ್ಚಳ ಬಂತು, ಮೇಲೆ ಎರಡು ಇಟ್ಟಿಗೆ. ಮುಂದಿನ ಮೀಟಿಂಗಿನಲ್ಲಿ ವಾದ ಮಾಡಿ ವಾಚ್‌ಮನ್ನನನ್ನೂ ಗ್ರೂಪಿಗೆ ಸೇರಿಸಿದೆವು. ನಾಲ್ಕು ತಿಂಗಳು ಅವನಿಂದ ಒಂದಕ್ಷರ ಇರಲಿಲ್ಲ. ಆಗಸ್ಟಿನಲ್ಲಿ ಒಂದು ದಿನ ಬೆಳಿಗ್ಗೆ ಆರು ಗಂಟೆಗೆ ಅವನಿಂದ ಒಂದು ಫೋಟೋ ಬಂತು. ಜೊತೆಗೆ ಮಾತಿಲ್ಲ. ಬೂದು ಬಣ್ಣದ ನೆಲ, ಒಂದು ಮೂಲೆಯಲ್ಲಿ ಕಪ್ಪು ನೆರಳು, ಮಧ್ಯೆ ಒದ್ದೆ ಇದ್ದ ಹಾಗೆ.

ಆರೂಹತ್ತಕ್ಕೆ ಬಿ-304ರ ಹುಡುಗ ಸಂಪ್ ಲೀಕ್ ಅಂದ. ಎ-204ರವರು ಡೀಸೆಲ್ ಸೋರಿದೆ, ಜನರೇಟರ್ ನೋಡಿ ಅಂದರು. ಅದು ಹಾವಿನ ಬಾಲ, ಫೋಟೋ ದೊಡ್ಡದು ಮಾಡಿ ನೋಡಿ ಅಂತ ಇನ್ನೊಬ್ಬರು. ರಾತ್ರಿ ಕಳ್ಳರು ಬಂದಿದ್ದರೇನೋ, ಕ್ಯಾಮೆರಾ ನೋಡೋಣ ಅಂತ ನಾನೇ ಬರೆದೆ.

ಆರೂಮುಕ್ಕಾಲಿಗೆ ಧ್ವನಿ ಸಂದೇಶ ಬಂತು. ‘ಕಿಸೇದಾಗಿತ್ರಿ ಅಕ್ಕಾರ, ಕೈ ತಾಗಿ ಹೋಗೇತಿ.’